ಇಎಸ್‌ಎಗೆ ಸಹಿ ಹಾಕುವ ಮುಂಚೆ: ಅರಿಝೋನಾದ ಕನ್ನಡ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಚಾಂಡ್ಲರ್, ಗಿಲ್ಬರ್ಟ್, ಟೆಂಪಿ, ಫೀನಿಕ್ಸ್ ಕಡೆಯ ಎಲ್ಲ ಕನ್ನಡ ಅಪ್ಪ-ಅಮ್ಮಂದಿರಿಗೆ,

ನಮಸ್ಕಾರ.

ಪ್ರತಿ ವರ್ಷ ಶಾಲೆಯ ಅಡ್ಮಿಷನ್ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. "ಏನ್ರೀ, ಇನ್ನೂ ಇಎಸ್‌ಎಗೆ ಅಪ್ಲೈ ಮಾಡಿಲ್ವಾ? ಸರ್ಕಾರ ಕೊಡೋ ದುಡ್ಡು, ಯಾಕೆ ಬಿಡ್ತೀರಿ?" ಆಮೇಲೆ ಯಾವ ಶಾಲೆ ಚೆನ್ನಾಗಿದೆ, ಯಾವ ಟ್ಯೂಟರ್ ಬಿಲ್ ಪಾಸಾಗುತ್ತೆ, ಕ್ಲಾಸ್‌ವಾಲೆಟ್‌ನಲ್ಲಿ (ಇಎಸ್‌ಎ ಹಣ ಖರ್ಚು ಮಾಡುವ ವೆಬ್‌ಸೈಟ್) ಕೀಬೋರ್ಡ್ ತಗೋಬಹುದಾ ಅಂತ ನೂರು ಮೆಸೇಜು. ಶಾಸಕರಿಗೆ ನಾನು ಇಂಗ್ಲಿಷಿನಲ್ಲಿ ಬೇರೆ ಪತ್ರ ಕಳಿಸಿದ್ದೇನೆ. ಇದು ನಿಮಗೆ. ಯಾಕೆಂದರೆ ಆ ನೂರು ಮೆಸೇಜಿನಲ್ಲಿ ಯಾರೂ ಕೇಳದ ಕೆಲವು ಪ್ರಶ್ನೆಗಳಿವೆ.

ಹೊಸದಾಗಿ ಬಂದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಎಸ್‌ಎ ಅಂದರೆ ಎಂಪವರ್‌ಮೆಂಟ್ ಸ್ಕಾಲರ್‌ಶಿಪ್ ಅಕೌಂಟ್. ಮಗುವನ್ನು ಪಬ್ಲಿಕ್ ಶಾಲೆಗೆ ಕಳಿಸುವುದಿಲ್ಲ ಎಂದು ನೀವು ಬರೆದುಕೊಟ್ಟರೆ, ಆ ಮಗುವಿನ ಓದಿಗೆ ರಾಜ್ಯ ಕೊಡುತ್ತಿದ್ದ ಹಣದಲ್ಲಿ ಶೇ 90ರಷ್ಟು ನಿಮ್ಮ ಹೆಸರಿನ ಖಾತೆಗೆ ಬರುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ 7 ಸಾವಿರ ಡಾಲರ್ ಆಸುಪಾಸು. ವಿಶೇಷ ಅಗತ್ಯ ಇರುವ ಮಕ್ಕಳಿಗೆ ಇದಕ್ಕಿಂತ ಜಾಸ್ತಿ, ಕೆಲವರಿಗೆ ಬಹಳ ಜಾಸ್ತಿ. ಪ್ರೈವೇಟ್ ಶಾಲೆಯ ಫೀಸು, ಮನೆಪಾಠ, ಪುಸ್ತಕ, ಥೆರಪಿ, ಎಲ್ಲಕ್ಕೂ ಇದನ್ನು ಬಳಸಬಹುದು.

ಈ ಯೋಜನೆ ಹುಟ್ಟಿದ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅರಿಝೋನಾದಲ್ಲಿ ಮೊದಲು ಅಂಗವಿಕಲ ಮಕ್ಕಳಿಗೆ ಮತ್ತು ಫಾಸ್ಟರ್ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ವೋಚರ್, ಅಂದರೆ ಪ್ರೈವೇಟ್ ಶಾಲೆಯ ಫೀಸಿಗೆ ಸರ್ಕಾರದ ಹಣ, ಇತ್ತು. ಸಾರ್ವಜನಿಕರ ತೆರಿಗೆ ಹಣವನ್ನು ಪ್ರೈವೇಟ್ ಶಾಲೆಗಳಿಗೆ ಕೊಡುವಂತಿಲ್ಲ ಎಂದು 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಗ ಒಂದು ಉಪಾಯ ಹುಡುಕಿದರು. ಹಣ ಶಾಲೆಗೆ ಹೋಗುವುದು ಬೇಡ, ಅಪ್ಪ-ಅಮ್ಮನ ಖಾತೆಗೆ ಹೋಗಲಿ, ಅವರು ಎಲ್ಲಿ ಬೇಕೋ ಅಲ್ಲಿ ಕಟ್ಟಲಿ. ಹೀಗೆ 2011ರಲ್ಲಿ ಇಎಸ್‌ಎ ಬಂತು. ಅದೂ ವಿಶೇಷ ಅಗತ್ಯ ಇರುವ ಮಕ್ಕಳಿಗಾಗಿಯೇ. ವರ್ಷ ವರ್ಷ ಅದಕ್ಕೆ ಒಂದೊಂದೇ ಗುಂಪು ಸೇರುತ್ತಾ ಹೋಯಿತು. ಎಲ್ಲರಿಗೂ ತೆರೆಯಬೇಕು ಎಂದು ಶಾಸಕರು ಹೊರಟಾಗ ಜನ ಸಹಿ ಸಂಗ್ರಹಿಸಿ ವಿಷಯವನ್ನು ಮತಕ್ಕೆ ಹಾಕಿಸಿದರು. 2018ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 305ಕ್ಕೆ ಹತ್ತಿರ ಹತ್ತಿರ ಶೇ 65ರಷ್ಟು ಮತದಾರರು ಬೇಡ ಎಂದರು. ನಾಲ್ಕು ವರ್ಷ ಕಳೆದ ಮೇಲೆ, 2022ರಲ್ಲಿ, ಶಾಸನಸಭೆ ಮತ್ತೆ ಅದನ್ನೇ ಪಾಸು ಮಾಡಿತು. ಆಗಿನ ಗವರ್ನರ್ ಡಗ್ ಡ್ಯೂಸಿ ಸಹಿ ಹಾಕಿದರು. ಈ ಸಲ ತಡೆಯಲು ಬೇಕಾದಷ್ಟು ಸಹಿ ಸೇರಲಿಲ್ಲ. ದೇಶದಲ್ಲೇ ಮೊದಲ ಬಾರಿಗೆ ಒಂದು ರಾಜ್ಯದ ಪ್ರತಿ ಮಗುವಿಗೂ, ಅಪ್ಪ ಕೋಟ್ಯಧಿಪತಿಯಾದರೂ ಸರಿ, ಇಎಸ್‌ಎ ಸಿಗುವಂತಾಯಿತು.

ಅಲ್ಲಿಯವರೆಗೆ ಸುಮಾರು 12 ಸಾವಿರ ಮಕ್ಕಳಿದ್ದ ಯೋಜನೆ 2025ರಲ್ಲಿ 90 ಸಾವಿರ ದಾಟಿತು. ವರ್ಷದ ಖರ್ಚು ಆ ಹೊತ್ತಿಗೆ 100 ಕೋಟಿ ಡಾಲರಿನ ಹತ್ತಿರ ಬಂದಿತ್ತು. ಎಲ್ಲರಿಗೂ ತೆರೆದ ಆರಂಭದಲ್ಲಿ ಅರ್ಜಿ ಹಾಕಿದವರಲ್ಲಿ ಮುಕ್ಕಾಲು ಪಾಲು ಮಕ್ಕಳು ಪಬ್ಲಿಕ್ ಶಾಲೆಯಲ್ಲಿ ಇರಲೇ ಇಲ್ಲ. ಅಂದರೆ ಅವರು ಆಗಲೇ ಪ್ರೈವೇಟ್ ಶಾಲೆಯಲ್ಲಿದ್ದರು, ಮನೆಯಲ್ಲೇ ಓದುತ್ತಿದ್ದರು, ಇಲ್ಲವೇ ಆಗಷ್ಟೇ ಶಾಲೆ ಶುರು ಮಾಡುವವರಾಗಿದ್ದರು. ಕೆಟ್ಟ ಶಾಲೆಯಲ್ಲಿ ಸಿಕ್ಕಿಹಾಕಿಕೊಂಡ ಬಡ ಮಗುವಿಗೆ ದಾರಿ ಮಾಡಿಕೊಡುತ್ತೇವೆ ಎಂದು ಹೇಳಿ ಹೊರಟ ಹಣ ಮೊದಲು ತಲುಪಿದ್ದು ಹೆಚ್ಚಾಗಿ ಪಬ್ಲಿಕ್ ಶಾಲೆಯಲ್ಲಿ ಇರದಿದ್ದ ಆ ಮಕ್ಕಳನ್ನು. ಇಎಸ್‌ಎ ಹಣದಲ್ಲಿ ಲೆಗೋ ಸೆಟ್ಟು, ಸ್ಕೀ ಪಾಸು ಕೊಂಡರು ಅಂತ ಪತ್ರಿಕೆಗಳಲ್ಲಿ ಬಂದ ಸುದ್ದಿಯನ್ನು ನೀವೂ ಓದಿರುತ್ತೀರಿ. ನನಗೆ ಅದು ಅಷ್ಟು ಮುಖ್ಯ ಅಲ್ಲ. ಕದಿಯುವವರು ಎಲ್ಲ ಕಡೆ ಇರುತ್ತಾರೆ. ನನ್ನ ದೂರು ಎಲ್ಲವೂ ನಿಯಮದ ಪ್ರಕಾರವೇ ನಡೆದಾಗ ಏನಾಗುತ್ತದೆ ಎಂಬುದರ ಬಗ್ಗೆ.

ನನ್ನ ಮನೆಯ ವಿಷಯ ಹೇಳುತ್ತೇನೆ. ಇಬ್ಬರು ಮಕ್ಕಳು. ಮಗಳು ಆರನೇ ಕ್ಲಾಸು, ಲೆಕ್ಕದಲ್ಲಿ ಚುರುಕು. ಮಗ ಮೂರನೇ ಕ್ಲಾಸು. ಅವನಿಗೆ ಡಿಸ್ಲೆಕ್ಸಿಯಾ ಇದೆ. ಮಾತೂ ತಡವಾಗಿ ಬಂತು, ಈಗಲೂ ಕೆಲವು ಅಕ್ಷರ ತೊದಲುತ್ತಾನೆ. ಮನೆ ಹತ್ತಿರದ ಪಬ್ಲಿಕ್ ಶಾಲೆಯಲ್ಲಿ ಅವನಿಗೆ ಐಇಪಿ ಇದೆ. ವರ್ಷಕ್ಕೊಮ್ಮೆ ಟೀಚರ್, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ನಾವಿಬ್ಬರು ಎಲ್ಲ ಒಂದೇ ಮೇಜಿನ ಸುತ್ತ ಕೂತು, ಈ ವರ್ಷ ಅವನಿಗೆ ಏನು ಬೇಕು ಎಂದು ಬರೆದು ಸಹಿ ಹಾಕುತ್ತೇವೆ. ಬರೆದದ್ದನ್ನು ಶಾಲೆ ಮಾಡಲೇಬೇಕು. ಮಾಡದಿದ್ದರೆ ನಾವು ಕೇಳಬಹುದು, ಜಗಳ ಆಡಬಹುದು, ವಿಚಾರಣೆಗೂ ಹೋಗಬಹುದು. ಇದು ಯಾರೋ ತೋರಿಸುವ ದಯೆ ಅಲ್ಲ. 1975ರಿಂದ ಇರುವ ಫೆಡರಲ್ ಕಾನೂನು. ಅದಕ್ಕೂ ಮುಂಚೆ ಇಂಥ ಎಷ್ಟೋ ಮಕ್ಕಳನ್ನು ಅಮೆರಿಕದ ಪಬ್ಲಿಕ್ ಶಾಲೆಗಳೂ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದವು.

ಮಗಳಿಗೆ ಇನ್ನೂ ಸ್ವಲ್ಪ ಮುಂದಿನ ಗಣಿತ ಬೇಕಿತ್ತು. ಹತ್ತಿರದ ಒಂದು ಪ್ರೈವೇಟ್ ಶಾಲೆ ಚೆನ್ನಾಗಿದೆ ಎಂದರು. ಹೆಸರು ಬೇಡ, ಇದು ಆ ಒಂದು ಶಾಲೆಯ ಕಥೆ ಅಲ್ಲ. ಇಬ್ಬರನ್ನೂ ಒಂದೇ ಕಡೆ ಹಾಕೋಣ, ಇಬ್ಬರಿಗೂ ಇಎಸ್‌ಎ ತಗೊಳ್ಳೋಣ ಎಂದು ನೋಡಲು ಹೋದೆವು. ಸ್ವಾಗತ ಚೆನ್ನಾಗಿಯೇ ಇತ್ತು. ಲ್ಯಾಬು, ಲೈಬ್ರರಿ ಎಲ್ಲ ತೋರಿಸಿದರು. ಮಗಳ ಅಂಕಪಟ್ಟಿ ನೋಡಿ ಅಡ್ಮಿಷನ್ ಮೇಡಂ ಮುಖ ಅರಳಿತು. ಆಮೇಲೆ ಮಗನ ಫೋಲ್ಡರ್ ಕೊಟ್ಟೆ. ನೀಲಿ ಬಣ್ಣದ್ದು, ದಪ್ಪಗಿದೆ. ಮೊದಲ ಪುಟ ಓದಿದರು. ಎರಡನೇ ಪುಟ ಅರ್ಧ ಓದಿದರು. ವಾರಕ್ಕೆ ಸ್ಪೀಚ್ ಎಷ್ಟು ನಿಮಿಷ, ರೀಡಿಂಗ್ ಎಷ್ಟು ನಿಮಿಷ ಎಂದು ಒಂದು ಟೇಬಲ್ ಇರುತ್ತಲ್ಲ, ಅಲ್ಲಿಗೆ ಬಂದಾಗ ಬೆರಳು ನಿಂತಿತು. ಫೋಲ್ಡರ್ ಮುಚ್ಚಿ, ಅಂಚು ಸರಿಮಾಡಿ, ನನ್ನ ಕೈಗೇ ವಾಪಸ್ ಕೊಟ್ಟರು. ಮಗಳ ಕಾಗದಗಳ ಜೆರಾಕ್ಸ್ ಮಾಡಿಸಿಕೊಂಡವರು ಇವನ ಒಂದು ಹಾಳೆಯನ್ನೂ ಇಟ್ಟುಕೊಳ್ಳಲಿಲ್ಲ.

ಮುಂದಿನ ವಾರ ಎರಡು ಇಮೇಲ್ ಬಂದವು. ಮಗಳಿಗೆ ಸೀಟು ಸಿಕ್ಕಿತ್ತು, ಡಿಪಾಸಿಟ್ ಕಟ್ಟುವ ಲಿಂಕ್ ಸಮೇತ. ಮಗನ ಇಮೇಲ್ ಮೂರು ಸಾಲು. ನಮ್ಮ ಶಾಲೆ ಅವನಿಗೆ ಸರಿಹೊಂದುತ್ತದೆ ಎಂದು ನಮಗೆ ಅನಿಸುವುದಿಲ್ಲ, ಒಳ್ಳೆಯದಾಗಲಿ ಎಂಬ ಅರ್ಥದ್ದು. ಫೋನ್ ಮಾಡಿದೆ. "ನಮ್ಮಲ್ಲಿ ಅದಕ್ಕೆ ಬೇಕಾದ ಸ್ಟಾಫ್ ಇಲ್ಲ" ಎಂದರು. ಅದನ್ನೇ ಬರೆದು ಕೊಡಿ ಎಂದೆ. ಹಾಗೆ ಬರೆದು ಕೊಡುವ ಪದ್ಧತಿ ಇಲ್ಲವಂತೆ.

ಈ ರಾಜ್ಯದ ಇಎಸ್‌ಎ ಕಾನೂನನ್ನು ಓದಿ ನೋಡಿ. ಹಣ ಪಡೆಯುವ ಪ್ರೈವೇಟ್ ಶಾಲೆ ತನ್ನ ಧರ್ಮ, ತನ್ನ ಪಠ್ಯ, ತನ್ನ ಅಡ್ಮಿಷನ್ ನಿಯಮ ಯಾವುದನ್ನೂ ಬದಲಿಸಬೇಕಾಗಿಲ್ಲ ಎಂದು ಅದರಲ್ಲೇ ಇದೆ. ಅಂಗವಿಕಲರಿಗೆ ಸಾಧ್ಯವಾದಷ್ಟು ಅನುಕೂಲ ಮಾಡಿಕೊಡಬೇಕು ಎಂಬ ಬೇರೆ ಫೆಡರಲ್ ಕಾನೂನು ಉಂಟು. ಆದರೆ ಅದರಡಿ ಪ್ರೈವೇಟ್ ಶಾಲೆ ಐಇಪಿ ಮಾಡಲೇಬೇಕು, ಸ್ಪೀಚ್ ಥೆರಪಿಸ್ಟ್ ಇಡಲೇಬೇಕು ಎಂದಿಲ್ಲ. ಚರ್ಚ್ ನಡೆಸುವ ಶಾಲೆಗಳಿಗಂತೂ ಅಷ್ಟೂ ಅನ್ವಯಿಸುವುದಿಲ್ಲ. ಅಂಥ ಕೆಲವು ಶಾಲೆಗಳು ಅಪ್ಪ-ಅಮ್ಮನಿಂದ ತಮ್ಮ ಧರ್ಮದ ನಂಬಿಕೆಯ ಪತ್ರಕ್ಕೆ ಸಹಿ ಕೇಳುತ್ತವೆ. ಮನೆಯಲ್ಲಿ ಗೌರಿ-ಗಣೇಶ ಕೂರಿಸುವವರು ಅಲ್ಲಿ ಏನು ಬರೆಯಬೇಕೋ ನನಗೆ ಗೊತ್ತಿಲ್ಲ. ಅವರು ತಮ್ಮ ಶಾಲೆಯನ್ನು ತಮಗೆ ಬೇಕಾದಂತೆ ನಡೆಸಲಿ, ನನ್ನ ತಕರಾರಿಲ್ಲ. ಆದರೆ ತೆರಿಗೆ ಹಣ ತೆಗೆದುಕೊಳ್ಳುವಾಗ ಎಲ್ಲರ ಹಣವೂ ಆಗುತ್ತದೆ, ಮಗು ಸೇರಿಸಿಕೊಳ್ಳುವಾಗ ಮಾತ್ರ ಆರಿಸಿಕೊಳ್ಳುತ್ತಾರೆ ಅಂದರೆ ಹೇಗೆ?

"ಸ್ಕೂಲ್ ಚಾಯ್ಸ್, ಸ್ಕೂಲ್ ಚಾಯ್ಸ್" ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಗಳಿಗೆ ಆಯ್ಕೆ ಇತ್ತು, ನಿಜ. ಅವಳಿಗೆ ಇಎಸ್‌ಎ ಇಲ್ಲದಿದ್ದರೂ ಇತ್ತು. ಸರ್ಕಾರದ ಹಣದಲ್ಲಿ ಬೇರೆ ಸಂಸ್ಥೆಗಳು ನಡೆಸುವ ಚಾರ್ಟರ್ ಶಾಲೆಗಳಿವೆ. ಪಕ್ಕದ ಡಿಸ್ಟ್ರಿಕ್ಟ್‌ನ (ಒಂದು ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಶಾಲೆಗೂ ಸೀಟು ಇದ್ದರೆ ಸೇರಬಹುದು, 1994ರಿಂದ ಈ ರಾಜ್ಯದಲ್ಲಿ ಆ ಅವಕಾಶ ಇದೆ. ಚಾರ್ಟರ್ ಕಾನೂನು ಬಂದದ್ದೂ ಅದೇ ವರ್ಷ. ನಮ್ಮವರು ಮುಗಿಬೀಳುವ ಬೇಸಿಸ್ ಶಾಲೆಗಳು ಟ್ಯೂಸಾನ್‌ನಲ್ಲಿ 1998ರಲ್ಲಿ ಶುರುವಾದ ಚಾರ್ಟರ್‌ಗಳೇ. ಅವೂ ಪಬ್ಲಿಕ್ ಶಾಲೆಗಳು. ಫೀಸಿಲ್ಲ, ರಾಜ್ಯದ ಪರೀಕ್ಷೆ ಬರೆಸಲೇಬೇಕು, ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು, ಐಇಪಿ ಇರುವ ಮಗುವನ್ನು ಬೇಡ ಎನ್ನುವಂತಿಲ್ಲ. ಶಾಲಾ ಬಸ್ ಇಲ್ಲದ ಚಾರ್ಟರ್‌ಗಳೇ ಬಹಳ, ಹಾಗಾಗಿ ಬೆಳಿಗ್ಗೆ-ಸಂಜೆ ಕಾರ್ ಓಡಿಸಲು ಮನೆಯಲ್ಲಿ ಒಬ್ಬರಿಗೆ ಬಿಡುವಿರಬೇಕು, ಅದು ಬೇರೆ ಮಾತು. ನನ್ನ ಮಗನ ಮಟ್ಟಿಗೆ ಮಾತ್ರ, ಇಎಸ್‌ಎ ಬಂದ ಮೇಲೂ ಅವನನ್ನು ಕರೆದು ಕೂರಿಸಿಕೊಂಡದ್ದು ಅದೇ ಹಳೇ ಬೀದಿ ಶಾಲೆ.

ಈಗ ಸಹಿಯ ವಿಷಯ. ದಯವಿಟ್ಟು ಇದನ್ನು ನಿಧಾನಕ್ಕೆ ಓದಿ. ಇಎಸ್‌ಎ ತಗೊಳ್ಳುವಾಗ ನೀವು ಒಂದು ಒಪ್ಪಂದಕ್ಕೆ ಸಹಿ ಹಾಕುತ್ತೀರಿ. ಈ ಮಗುವಿಗೆ ಓದಿಸುವ ಜವಾಬ್ದಾರಿಯಿಂದ ಶಾಲಾ ಡಿಸ್ಟ್ರಿಕ್ಟ್ ಅನ್ನು ಬಿಡುಗಡೆ ಮಾಡುತ್ತಿದ್ದೇನೆ ಎಂದು ಅದರಲ್ಲಿ ನೀವು ಒಪ್ಪಿಕೊಳ್ಳುತ್ತೀರಿ. ಐಇಪಿ ಇರುವ ಮಗುವಾದರೆ, ನಾನು ಮೇಲೆ ಹೇಳಿದ ಆ ಮೇಜು, ಆ ಸಹಿಗಳು, ಕೇಳುವ ಹಕ್ಕು, ಎಲ್ಲ ಅಲ್ಲಿಗೆ ಮುಗಿಯಿತು. ಹೊಸ ಶಾಲೆ ಅಕ್ಟೋಬರ್‌ನಲ್ಲಿ "ಇವನನ್ನು ನಮ್ಮಿಂದ ನೋಡಿಕೊಳ್ಳಲು ಆಗುತ್ತಿಲ್ಲ" ಎಂದರೆ ಹೋಗಿ ದೂರು ಕೊಡಲು ಒಂದು ಕಿಟಕಿಯೂ ಇಲ್ಲ. ಇಎಸ್‌ಎ ಬಿಟ್ಟು ಪಬ್ಲಿಕ್ ಶಾಲೆಗೆ ವಾಪಸ್ ಬರಬಹುದು, ಅವರು ಸೇರಿಸಿಕೊಳ್ಳಲೇಬೇಕು. ಆದರೆ ವಾಪಸ್ ಬರಲು ಆ ಶಾಲೆ ಅಲ್ಲಿ ಇರಬೇಕಲ್ಲ?

ಇರಬೇಕಲ್ಲ ಎಂದು ಸುಮ್ನೆ ಹೇಳುತ್ತಿಲ್ಲ. 2024ರ ಫೆಬ್ರವರಿಯಲ್ಲಿ ಪ್ಯಾರಡೈಸ್ ವ್ಯಾಲಿ ಡಿಸ್ಟ್ರಿಕ್ಟ್ ಮೂರು ಶಾಲೆ ಮುಚ್ಚಲು ತೀರ್ಮಾನಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೌತ್ ಫೀನಿಕ್ಸ್‌ನ ರೂಸ್‌ವೆಲ್ಟ್ ಡಿಸ್ಟ್ರಿಕ್ಟ್ ಐದು ಶಾಲೆ. ಇದೆಲ್ಲ ಇಎಸ್‌ಎ ಒಂದರಿಂದಲೇ ಆಯಿತು ಎಂದರೆ ಸುಳ್ಳಾಗುತ್ತದೆ. ಹುಟ್ಟುವ ಮಕ್ಕಳು ಕಡಿಮೆಯಾಗಿದ್ದಾರೆ. ಮನೆ ಬೆಲೆ ಏರಿ ಚಿಕ್ಕ ಮಕ್ಕಳಿರುವ ಕುಟುಂಬಗಳು ದೂರ ದೂರಕ್ಕೆ ಹೋಗುತ್ತಿವೆ. ಚಾರ್ಟರ್‌ಗಳಿಗೆ ಹೋಗುವವರು ಮುಂಚಿನಿಂದಲೂ ಇದ್ದಾರೆ. ಆದರೆ ಆಗಲೇ ಸೊರಗಿದ ಶಾಲೆಯಿಂದ ಇನ್ನೂ ಹತ್ತು ಮಕ್ಕಳು ಎದ್ದು ಹೋದರೆ ಅಲ್ಲಿನ ಖರ್ಚು ಹತ್ತು ಮಕ್ಕಳಷ್ಟು ಇಳಿಯುವುದಿಲ್ಲ. ಎಸಿ ಅದೇ ಉರಿಯುತ್ತದೆ, ಅದೂ ಜುಲೈ ಕೊನೆಯಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಶಾಲೆ ತೆರೆಯುವ ನಮ್ಮ ಊರಿನಲ್ಲಿ. ಬಸ್ಸು ಅದೇ ರೂಟಿನಲ್ಲಿ ಓಡುತ್ತದೆ. ಹೋಗುವುದು ಆರ್ಟ್ ಟೀಚರ್, ರೀಡಿಂಗ್ ಟೀಚರ್, ನರ್ಸ್. ಮೊದಲೇ ಮಗುವೊಂದಕ್ಕೆ ಮಾಡುವ ಖರ್ಚಿನಲ್ಲಿ ಅರಿಝೋನಾ ದೇಶದ ಕೊನೆಯ ಸಾಲಿನಲ್ಲಿದೆ.

ಇದನ್ನು ನಾವು ಊರಿನಲ್ಲೂ ನೋಡಿಲ್ವಾ? ಕಾನ್ವೆಂಟ್ ವ್ಯಾನು ಹಳ್ಳಿಯೊಳಗೆ ಬಂತು, ಅನುಕೂಲ ಇದ್ದವರ ಮಕ್ಕಳು ಹತ್ತಿದರು, ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು, ಕಡಿಮೆಯಾದರು ಎಂದು ಅದನ್ನೇ ಪಕ್ಕದ ಊರಿನದಕ್ಕೆ ಸೇರಿಸಿದರು. ಆರ್‌ಟಿಇಯಲ್ಲಿ ಪ್ರೈವೇಟ್ ಶಾಲೆಗಳ ಶೇ 25ರಷ್ಟು ಸೀಟು ಬಡ ಮಕ್ಕಳಿಗೆ, ಫೀಸು ಸರ್ಕಾರದ್ದು ಎಂಬ ನಿಯಮ ಬಂದಾಗ ನಮ್ಮಲ್ಲೂ ಇದೇ ಚರ್ಚೆ ನಡೆಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದು ಕರ್ನಾಟಕ ಸರ್ಕಾರ 2019ರ ಹೊತ್ತಿಗೆ ನಿಯಮ ಬದಲಿಸಿತು. ಅದು ಸರಿಯೋ ತಪ್ಪೋ, ವಾದ ಇನ್ನೂ ಮುಗಿದಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಅಲ್ಲಿ ಆ ಸೀಟು ಬಡವರಿಗೆ, ಮತ್ತು ಯಾರು ಬರಬೇಕು ಎಂದು ಶಾಲೆ ಆರಿಸುವಂತಿರಲಿಲ್ಲ. ಇಲ್ಲಿ ಎರಡೂ ಇಲ್ಲ.

ಇಎಸ್‌ಎಯಿಂದ ಯಾರಿಗೂ ಒಳ್ಳೆಯದಾಗಿಲ್ಲ ಎಂದು ನಾನು ಹೇಳಿದರೆ ನನ್ನ ಗೆಳತಿಯೊಬ್ಬಳು ನನ್ನ ಜೊತೆ ಮಾತು ಬಿಡುತ್ತಾಳೆ. ಅವಳ ಮಗನಿಗೆ ಆಟಿಸಂ. ಪಬ್ಲಿಕ್ ಶಾಲೆಯ ಗದ್ದಲದಲ್ಲಿ ದಿನಾ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಈಗ ಅಂಥ ಮಕ್ಕಳಿಗೆಂದೇ ಇರುವ ಚಿಕ್ಕ ಶಾಲೆಗೆ ಹೋಗುತ್ತಾನೆ. ಅಲ್ಲಿನ ಫೀಸನ್ನು ಅವರ ಕೈಯಿಂದ ಕಟ್ಟಲು ಆಗುತ್ತಲೇ ಇರಲಿಲ್ಲ. ಪೂರ್ತಿ ಬರುವುದು ಇಎಸ್‌ಎಯಿಂದ. 2011ರಲ್ಲಿ ಯೋಜನೆ ಮಾಡಿದ್ದೇ ಇಂಥವನಿಗೆ. ಇದನ್ನು ನಿಲ್ಲಿಸಿ ಎಂದು ಕೇಳುವ ಮನಸ್ಸು ನನಗಿಲ್ಲ. ಆದರೆ ಅವಳ ಮಗನ ಫೋಟೋ ಮುಂದಿಟ್ಟುಕೊಂಡು, ವರ್ಷಕ್ಕೆ 20 ಸಾವಿರ ಡಾಲರ್ ಮೀರಿದ ಫೀಸಿನ ಶಾಲೆಯಲ್ಲಿ ಆಗಲೇ ಓದುತ್ತಿರುವವರಿಗೆ 7 ಸಾವಿರದ ರಿಯಾಯಿತಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಬಡ ಮನೆಯ ಮಗು ಉಳಿದ 13 ಸಾವಿರವನ್ನು ಎಲ್ಲಿಂದ ತರಬೇಕು?

"ಇದೆಲ್ಲ ಅಮೆರಿಕದವರ ರಾಜಕೀಯ, ನಮಗ್ಯಾಕೆ?" ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಹೋದ ಯುಗಾದಿ ಊಟದ ಸಾಲಿನಲ್ಲೇ ಒಬ್ಬರು ಕೇಳಿದರು. ಈ ದೇಶದಲ್ಲಿ ಇದು ನಿನ್ನೆ ಮೊನ್ನೆಯ ಜಗಳ ಅಲ್ಲ ಎಂಬುದನ್ನಾದರೂ ನಾವು ತಿಳಿದಿರಬೇಕು. 1954ರಲ್ಲಿ ಸುಪ್ರೀಂ ಕೋರ್ಟ್ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಶಾಲೆ ನಡೆಸುವಂತಿಲ್ಲ ಎಂದಿತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡಿತು ಗೊತ್ತಾ? 1959ರಲ್ಲಿ ತನ್ನ ಎಲ್ಲ ಪಬ್ಲಿಕ್ ಶಾಲೆಗಳಿಗೂ ಬೀಗ ಹಾಕಿತು. ಬಿಳಿಯ ಮಕ್ಕಳು ಹೊಸ ಪ್ರೈವೇಟ್ ಶಾಲೆಗೆ ಹೋದರು, ಅವರ ಫೀಸಿಗೆ ಸಾರ್ವಜನಿಕರ ಹಣವನ್ನೂ ಕೊಟ್ಟರು. ಕರಿಯ ಮಕ್ಕಳಿಗೆ 1964ರವರೆಗೆ ಊರಿನಲ್ಲಿ ಪಬ್ಲಿಕ್ ಶಾಲೆಯೇ ಇರಲಿಲ್ಲ. ಇದು ಒಂದು ಮುಖ. ಇನ್ನೊಂದು ಮುಖವೂ ಇದೆ. 1990ರಲ್ಲಿ ಮಿಲ್ವಾಕಿಯಲ್ಲಿ ಈ ಕಾಲದ ಮೊದಲ ವೋಚರ್ ಯೋಜನೆಗೆ ಒತ್ತಾಯಿಸಿದವರಲ್ಲಿ ಕರಿಯ ನಾಯಕರೇ ಮುಂದಿದ್ದರು. ನಮ್ಮ ಮಕ್ಕಳು ಸೋಲುತ್ತಿರುವ ಶಾಲೆಯಲ್ಲಿ ಕೊಳೆಯುವುದು ಬೇಡ ಎಂಬುದು ಅವರ ಮಾತು. ಆ ಯೋಜನೆ ಕಡಿಮೆ ಆದಾಯದ ಮನೆಗಳಿಗೆ ಮಾತ್ರ ಇತ್ತು, ಸೀಟಿಗಿಂತ ಅರ್ಜಿ ಜಾಸ್ತಿಯಾದರೆ ಲಾಟರಿ ಎತ್ತಬೇಕಿತ್ತು. ಅಂದರೆ ಷರತ್ತು ಹಾಕಿ ಹಣ ಕೊಡುವುದು ಆಗದ ಮಾತೇನಲ್ಲ. ಮೂವತ್ತು ವರ್ಷಕ್ಕೂ ಹಿಂದೆಯೇ ಮಾಡಿ ತೋರಿಸಿದ್ದಾರೆ.

ಇನ್ನು ಮುಂದೆ ಈ ಮಾತು ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 2025ರಲ್ಲಿ ಪಾಸಾದ ಫೆಡರಲ್ ತೆರಿಗೆ ಕಾನೂನಿನ ಪ್ರಕಾರ, ಸ್ಕಾಲರ್‌ಶಿಪ್ ಸಂಸ್ಥೆಗಳಿಗೆ ದಾನ ಕೊಟ್ಟವರಿಗೆ 2027ರಿಂದ 1,700 ಡಾಲರ್‌ವರೆಗೆ ತೆರಿಗೆಯಲ್ಲಿ ಬಿಡುತ್ತಾರೆ. ಯಾವ ರಾಜ್ಯ ಒಪ್ಪುತ್ತದೋ ಅಲ್ಲಿ. ಟೆಕ್ಸಾಸ್ ಕೂಡ 2025ರಲ್ಲಿ ತನ್ನದೇ ಯೋಜನೆ ಪಾಸು ಮಾಡಿತು. ಡಾಲಸ್, ಆಸ್ಟಿನ್‌ನಲ್ಲಿರುವ ನಿಮ್ಮ ಅಣ್ಣ-ತಂಗಿಯರೂ ಇದನ್ನೇ ಕೇಳಲು ನಿಮಗೆ ಫೋನ್ ಮಾಡುತ್ತಾರೆ ನೋಡಿ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ.

ಇಎಸ್‌ಎ ತಗೊಳ್ಳುವುದು ಬಿಡುವುದು ನಿಮ್ಮ ಮನೆಯ ನಿರ್ಧಾರ. ಆದರೆ ಶಾಲೆ ನೋಡಲು ಹೋದಾಗ ಲ್ಯಾಬು, ರೋಬೋಟ್ ನೋಡಿ ಬರಬೇಡಿ. ಹೋದ ವರ್ಷ ನಡುವಿನಲ್ಲಿ ಎಷ್ಟು ಮಕ್ಕಳನ್ನು ಕಳಿಸಿದಿರಿ, ಯಾಕೆ ಎಂದು ಕೇಳಿ. ರಾಜ್ಯದ ಪರೀಕ್ಷೆ ಬರೆಸುತ್ತೀರಾ, ಫಲಿತಾಂಶ ತೋರಿಸುತ್ತೀರಾ ಎಂದು ಕೇಳಿ. ಬರೆಸಲೇಬೇಕು ಎಂಬ ನಿಯಮ ಅವರಿಗಿಲ್ಲ, ಆದರೆ ಕೇಳಿದರೆ ತಪ್ಪೇನಿಲ್ಲ. ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳು ಎಷ್ಟು ಜನ ಇದ್ದಾರೆ ಎಂದು ಕೇಳಿ. ನಿಮ್ಮ ಮಗುವಿಗೆ ಆ ತೊಂದರೆ ಇಲ್ಲದಿದ್ದರೂ ಕೇಳಿ. ಸಲೀಸಾಗಿ ಸೀಟು ಸಿಗುವವರ ಅಪ್ಪ-ಅಮ್ಮ ಕೇಳಿದಾಗ ಮಾತ್ರ ಅವರಿಗೆ ಉತ್ತರ ಕೊಡುವ ಅವಸರ ಬರುತ್ತದೆ. ನಾನು ಕೇಳಿದಾಗ ಬರಲಿಲ್ಲ.

ಸಿಟಿಜನ್ ಆದವರು ದಯವಿಟ್ಟು ಬ್ಯಾಲೆಟ್ಟಿನ ಕೊನೆಯವರೆಗೂ ಹೋಗಿ. ಅಧ್ಯಕ್ಷರ ಚುನಾವಣೆಗೆ ರಾತ್ರಿಯೆಲ್ಲ ಟಿವಿ ಮುಂದೆ ಕೂರುವ ನಾವು, ಸ್ಕೂಲ್ ಬೋರ್ಡ್ ಅಭ್ಯರ್ಥಿಗಳ ಹೆಸರು, ಡಿಸ್ಟ್ರಿಕ್ಟ್‌ನ ಬಾಂಡ್ (ಶಾಲೆಗಳಿಗಾಗಿ ಸಾಲ), ಓವರ್‌ರೈಡ್ (ಬಜೆಟ್ ಮಿತಿಗಿಂತ ಹೆಚ್ಚಿನ ಖರ್ಚು) ಪ್ರಶ್ನೆ ಬಂದಾಗ ಖಾಲಿ ಬಿಡುತ್ತೇವೆ. ಬೋರ್ಡ್‌ನಲ್ಲಿ ಯಾರು ಕೂರುತ್ತಾರೆ, ಡಿಸ್ಟ್ರಿಕ್ಟ್ ಕೈಯಲ್ಲಿ ಎಷ್ಟು ದುಡ್ಡಿರುತ್ತದೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಎಚ್-1ಬಿಯಲ್ಲಿ ಇರುವವರಿಗೆ ಓಟು ಇಲ್ಲ, ಸರಿ. ಆದರೆ ಬೋರ್ಡ್ ಮೀಟಿಂಗಿಗೆ ಬಂದು ಕೂರಲು ವೀಸಾ ಯಾರೂ ಕೇಳುವುದಿಲ್ಲ. ಚೀಟಿ ತುಂಬಿ ಕೊಟ್ಟರೆ ಎರಡು-ಮೂರು ನಿಮಿಷ ಮೈಕ್ ಕೊಡುತ್ತಾರೆ.

ಶಾಸಕರಿಗೆ ನಾನು ಕೇಳಿರುವುದು ದೊಡ್ಡದೇನಲ್ಲ. ಇಎಸ್‌ಎ ಹಣ ತೆಗೆದುಕೊಳ್ಳುವ ಶಾಲೆ ಒಂದು ಮಗುವನ್ನು ಬೇಡ ಎಂದರೆ ಕಾರಣವನ್ನು ಬರೆದು ಕೊಡಬೇಕು. ವರ್ಷಕ್ಕೆ ಎಷ್ಟು ಮಕ್ಕಳನ್ನು ತೆಗೆದುಕೊಂಡಿತು, ಎಷ್ಟು ಜನಕ್ಕೆ ಬೇಡ ಎಂದಿತು, ಎಷ್ಟು ಜನ ನಡುವಿನಲ್ಲಿ ಬಿಟ್ಟರು ಎಂದು ಪ್ರಕಟಿಸಬೇಕು. ಪಬ್ಲಿಕ್ ಶಾಲೆಯ ಮಕ್ಕಳು ಬರೆಯುವ ಪರೀಕ್ಷೆಯನ್ನೇ ಆ ಮಕ್ಕಳೂ ಬರೆಯಬೇಕು. ಒಂದು ಮಿತಿಗಿಂತ ಜಾಸ್ತಿ ಆದಾಯ ಇರುವ ಮನೆಗಳಿಗೆ, ವಿಶೇಷ ಅಗತ್ಯದ ಮಗು ಇದ್ದರೆ ಬಿಟ್ಟು, ಇದನ್ನು ಕೊಡಬಾರದು. ಆ ಮಿತಿ ಬಂದರೆ ನಮ್ಮ ಮನೆಯೂ ಹೊರಗೆ ಬೀಳುತ್ತದೆ, ಚಿಪ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮಲ್ಲಿ ಬಹಳ ಜನರ ಮನೆಗಳೂ ಬೀಳುತ್ತವೆ. ಗೊತ್ತಿದ್ದೇ ಕೇಳಿದ್ದೇನೆ.

ಮಗಳ ಸೀಟಿಗೆ ಡಿಪಾಸಿಟ್ ಕಟ್ಟಲಿಲ್ಲ. ಇಬ್ಬರೂ ಈಗಿನ ಶಾಲೆಗಳಲ್ಲೇ ಇದ್ದಾರೆ. ಅವಳಿಗೆ ಮೇಲಿನ ಕ್ಲಾಸಿನ ಗಣಿತ ಕೊಡಿ ಎಂದು ಪ್ರಿನ್ಸಿಪಾಲರ ಹತ್ತಿರ ಜಗಳ ನಡೆದಿದೆ, ಅರ್ಧ ಗೆದ್ದಿದ್ದೇನೆ. ಶಾಸಕರಿಗೆ ಬರೆದ ಪತ್ರದ ಪ್ರತಿ ನನ್ನ ಹತ್ತಿರ ಇದೆ. ನಿಮ್ಮ ಹೆಸರಿನಲ್ಲಿ ಕಳಿಸುವವರು ಗುಂಪಿನಲ್ಲಿ ಕೇಳಿ, ನಿಮ್ಮ ಮನೆಯ ವಿಷಯ ಸೇರಿಸಿಕೊಂಡು ಕಳಿಸಿ. ನನ್ನ ಮಾತಿಗೆ ಒಪ್ಪದವರೂ ಬರೆಯಿರಿ. ಇಎಸ್‌ಎ ತಗೊಂಡು ನಿಮಗೆ ಆಗಿರುವ ಅನುಭವ ಬೇರೆಯಾಗಿದ್ದರೆ ಅದನ್ನೂ ಕೇಳಬೇಕಿದೆ. ಮುಂದಿನ ಬೋರ್ಡ್ ಮೀಟಿಂಗಿಗೆ ನಾನು ಹೋಗುತ್ತಿದ್ದೇನೆ, ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ.

ಇಂತಿ ನಿಮ್ಮವಳು,
ಚಾಂಡ್ಲರ್‌ನ ಒಬ್ಬ ಕನ್ನಡ ತಾಯಿ